ಹಳೆಯ ಮೋಟಾರು ಗಾಡಿಯ ನಡುಕ

ಕುಂಬಾರನು ತಿಗರಿಯ ಮೇಲೆ ಮಣ್ಣಿನ ಮುದ್ದೆಯನ್ನಿರಿಸಿ ತಿರುಗಿಸತೊಡಗಿದಾಗ ಮೊದಲು ಮಾಡುವ ಕೆಲಸ ಮಡಕೆಯನ್ನು ಎತ್ತುವುದಲ್ಲ. ಮುದ್ದೆಯನ್ನು ನಡುವಿಗೆ ತರುವುದು. ಮಣ್ಣು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದಿದ್ದರೂ ಅದು ಅವನ ಅಂಗೈಯನ್ನು ಸುತ್ತಿಗೊಮ್ಮೆ ಬಡಿಯುತ್ತದೆ. 'ಸುತ್ತಿಗೊಮ್ಮೆ' ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ತಿರುಗುವ ಯಂತ್ರಗಳ ನಡುಕವನ್ನು ಪತ್ತೆಹಚ್ಚುವ ಶಾಸ್ತ್ರದಲ್ಲಿ ಅರ್ಧಭಾಗ ಆ ಮಾತಿನಲ್ಲಿಯೇ ಅಡಗಿದೆ.

ಚಕ್ಕಡಿಯ ಗಾಲಿಯನ್ನು ನೋಡಿರಿ. ಬಡಿಗನು ಎಷ್ಟೇ ಕುಶಲನಾಗಿರಲಿ, ಮರದ ಗುಂಬ, ಅರೆಕಾಲುಗಳು, ಮೇಲೆ ತೊಡಿಸಿದ ಕಬ್ಬಿಣದ ಪಟ್ಟೆ, ಇವೆಲ್ಲವೂ ಸುತ್ತಲೂ ಸಮತೂಕವಾಗಿರುವುದು ಅಸಾಧ್ಯ. ಆದರೂ ಎತ್ತುಗಳಿಗಾಗಲಿ ಬಂಡಿಯಲ್ಲಿ ಕುಳಿತವನಿಗಾಗಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಗಾಲಿಯ ಅಂಚಿನಲ್ಲಿ ಹೆಚ್ಚಾಗಿ ಸೇರಿಕೊಂಡ ತೂಕವು ಅಚ್ಚನ್ನು ಎಳೆಯುವ ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. ಚಕ್ಕಡಿಯು ಗಂಟೆಗೆ 4 ಕಿಲೋಮೀಟರು ಹೋಗುವುದೆಂದು ಭಾವಿಸೋಣ. ಅದೇ ಅಳತೆಯ, ಅದೇ ದೋಷವುಳ್ಳ ಗಾಲಿಯನ್ನು ಗಂಟೆಗೆ 72 ಕಿಲೋಮೀಟರು ಓಡಿಸಿದರೆ ವೇಗವು 18 ಪಟ್ಟು ಹೆಚ್ಚುತ್ತದೆ. ಬಲವಾದರೋ 324 ಪಟ್ಟು ಹೆಚ್ಚುತ್ತದೆ. ಚಕ್ಕಡಿಯ ಕಾಲದಲ್ಲಿ ಯಾರೂ ಲೆಕ್ಕಿಸದೆ ಇದ್ದ ದೋಷವು ಮೋಟಾರಿನ ಕಾಲದಲ್ಲಿ ರೋಗವಾಗಿ ಪರಿಣಮಿಸಿತು.

ಇಂಥ ಒಂದು ರೋಗದ ಚಿಕಿತ್ಸೆಯನ್ನು ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇವೆ. ರೋಗಿಯು ಹಿರೇಕೆರೂರಿನ ಕುಟುಂಬವೊಂದಕ್ಕೆ ಸೇರಿದ ಹಳೆಯ ಅಂಬಾಸಿಡರ್ ಕಾರು.

ಭಾರತದಲ್ಲಿಯೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿಕೊಂಡು ಹೋರಾಡಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಮುಖ್ಯರು. ಅವರು ಬಯಸಿದಂತೆ ಕೆಲಸ ಆಗ ಕೈಗೂಡಲಿಲ್ಲವಾದರೂ ಮುಂದೆ ದೇಶದಲ್ಲಿ ಇಂಥ ಕಾರ್ಖಾನೆಗಳು ಹುಟ್ಟಿಕೊಂಡವು. ಅವುಗಳಲ್ಲೊಂದಾದ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರ್ ಕಾರನ್ನು ತಯಾರಿಸಿತು. ಅರ್ಧ ಶತಮಾನಕ್ಕೂ ಮಿಕ್ಕಿ ಒಂದೇ ಆಕಾರದಲ್ಲಿ ಬಾಳಿದ ಯಂತ್ರ ಇನ್ನೊಂದು ದೊರೆಯುವುದು ಕಷ್ಟ. ವಿದ್ಯಾರ್ಥಿಗಳಿಗೆ ಈ ಕಾರು ಒಂದು ಉಪಕಾರವನ್ನೂ ಮಾಡಿದೆ: ಅದರ ಅಂಗಾಂಗಗಳು ಬಗ್ಗಿ ನೋಡಿದರೆ ಕಣ್ಣಿಗೆ ಕಾಣುತ್ತವೆ. ಎಂಜಿನು ಮುಂದೆ, ಅದರ ಹಿಂದೆ ಕ್ಲಚ್ಚು ಮತ್ತು ಗೇರು ಪೆಟ್ಟಿಗೆ, ಅಲ್ಲಿಂದ ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೂ ಹೋಗುವ ಉಕ್ಕಿನ ಕೊಳವೆ, ಅಂದರೆ ಪ್ರೊಪೆಲ್ಲರ್ ಶಾಫ್ಟು, ಅದು ಹಿಂದಿನ ಅಚ್ಚಿನ ನಡುವೆ ಇರುವ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಶಾಫ್ಟು ಹೊರಟು ಗಾಲಿಗಳನ್ನು ಮುಟ್ಟುತ್ತವೆ. ಗಾಲಿಯ ಬೆನ್ನಿಗೆ ಬ್ರೇಕಿನ ಡ್ರಮ್ಮು. ಹಿಂದಿನ ಅಚ್ಚು ಎರಡು ಕಮಾನುಪಟ್ಟಿಗಳ ಮೇಲೆ ಕುಳಿತಿರುತ್ತದೆ.

ನಾವು ಹೇಳುವ ಕಾರು ಬಹುಕಾಲ ಹಿರೇಕೆರೂರಿನಿಂದ ಮಾಸೂರು, ರಟ್ಟೀಹಳ್ಳಿ, ಹಂಸಭಾವಿಗಳ ಕಡೆಗೆ ಮಾತ್ರ ಓಡಾಡಿಕೊಂಡಿತ್ತು. ಆ ದಾರಿಗಳಲ್ಲಿ ಅದು ಗಂಟೆಗೆ 50 ಕಿಲೋಮೀಟರನ್ನು ದಾಟುವ ಪ್ರಸಂಗವೇ ವಿರಳ. ಯಜಮಾನರ ಮಗನು ಅದನ್ನು ರಾಣೆಬೆನ್ನೂರಿನ ಮೂಲಕ ರಾಷ್ಟ್ರೀಯ ಹೆದ್ದಾರಿಗೆ ತಂದು ಹುಬ್ಬಳ್ಳಿಗೆ ಹೋಗಿಬರತೊಡಗಿದ ಮೇಲೆ ರೋಗವು ಬಯಲಾಯಿತು. ವೇಗವು 62 ಮುಟ್ಟುತ್ತಲೇ ಆಸನದ ಅಡಿಯಲ್ಲಿ ಒಂದು ನಡುಕ ಏಳುವುದು. 70–72ಕ್ಕೆ ಅದು ತುದಿಗೇರಿ ಹಿಂದಿನ ಆಸನದಲ್ಲಿ ಕುಳಿತವರ ಕೆನ್ನೆ ಅದುರುವಷ್ಟಾಗುವುದು. 85 ದಾಟಿದರೆ ತಾನಾಗಿಯೇ ಅಡಗುವುದು. ವೇಗ ಹೆಚ್ಚಿದರೆ ಕಡಮೆಯಾಗುವ ರೋಗವೆಂದರೇನೆಂದು ಮನೆಯವರಿಗೆ ಸೋಜಿಗ.

ಚಿಕಿತ್ಸೆಯಂತೂ ಧಾರಾಳವಾಗಿ ನಡೆದಿತ್ತು. ನಾಲ್ಕು ಗಾಲಿಗಳನ್ನೂ ಯಂತ್ರದ ಮೇಲೆ ಏರಿಸಿ ಎರಡು ಬಾರಿ ಬ್ಯಾಲೆನ್ಸ್ ಮಾಡಿಸಿದ್ದರು. ಎಂಜಿನಿನ ಅಡಿಯ ರಬ್ಬರುಗಳನ್ನು ಬದಲಿಸಿದ್ದರು. ಪ್ರೊಪೆಲ್ಲರ್ ಶಾಫ್ಟಿನ ಎರಡು ಕೊನೆಗಳಲ್ಲಿರುವ ಕೀಲುಗಳನ್ನು ಹೊಸದಾಗಿ ಹಾಕಿಸಿದ್ದರು. "ಮಷಿನ್ ಸೊನ್ನಿ ತೋರಸ್ತೈತ್ರಿ, ಗಾಲೀದು ಏನೂ ತಪ್ಪಿಲ್ರಿ" ಎಂದು ಮೇಸ್ತ್ರಿಗಳು ಕೈಚೆಲ್ಲಿದ್ದರು. ಪ್ರತಿ ಸಲವೂ ಹಣ ಹೋಯಿತು, ನಡುಕ ಉಳಿಯಿತು. ಇನ್ನು ಗುಜರಿಗೆ ಹಾಕುವುದೇ ಸರಿಯೆಂಬ ಮಾತು ಮನೆಯಲ್ಲಿ ಹೊರಟಾಗ ಸಂಗತಿಯು ನಮ್ಮ ಕಿವಿಗೆ ಬಿದ್ದಿತು. ನಾವೂ ಇಬ್ಬರು ವಿದ್ಯಾರ್ಥಿಗಳೂ ಸೇರಿ ಒಂದು ಭಾನುವಾರವನ್ನು ಅದಕ್ಕೆಂದು ಮೀಸಲಿಟ್ಟೆವು. ಅದು ಮೂರು ಭಾನುವಾರಗಳಾದುದು ಬೇರೆ ಮಾತು.

ಯಾವುದು ಎಷ್ಟು ಸುತ್ತುತ್ತದೆ?

ಕಾರಿನಲ್ಲಿ ತಿರುಗುವ ಅಂಗಗಳು ಹಲವು. ಆದರೆ ಅವೆಲ್ಲವೂ ಒಂದೇ ಲೆಕ್ಕದಲ್ಲಿ ತಿರುಗುವುದಿಲ್ಲ. ಇದು ನಮ್ಮ ಭಾಗ್ಯ. ಒಂದೊಂದು ಅಂಗಕ್ಕೂ ಅದರದೇ ಆದ ಆವೃತ್ತಿ, ಅಂದರೆ ಸೆಕೆಂಡಿಗೆ ಇಷ್ಟು ಸುತ್ತು ಎಂಬುದು ಇರುವುದರಿಂದ, ನಡುಕದ ಆವೃತ್ತಿಯನ್ನು ಅಳೆದರೆ ಅಪರಾಧಿಯ ಹೆಸರು ಬಹುಮಟ್ಟಿಗೆ ತಿಳಿದಂತೆಯೇ.

ಮೊದಲು ಗಾಲಿ. ಟಾಯರಿನ ಮೇಲೂ ನೆಲದ ಮೇಲೂ ಸೀಮೆಸುಣ್ಣದ ಗುರುತುಹಾಕಿ, ಸಮನೆಲದಲ್ಲಿ ಕಾರನ್ನು ಹತ್ತು ಸುತ್ತು ತಳ್ಳಿ, ಸಾಗಿದ ದೂರವನ್ನು ಟೇಪಿನಿಂದ ಅಳೆದೆವು. ಒಂದೇ ಸುತ್ತನ್ನು ಅಳೆಯುವುದಕ್ಕಿಂತ ಹತ್ತನ್ನು ಅಳೆದು ಭಾಗಿಸುವುದರಿಂದ ತಪ್ಪು ಹತ್ತನೆಯ ಒಂದು ಭಾಗಕ್ಕೆ ಇಳಿಯುವುದೆಂಬುದನ್ನು ಲೋಲಕದ ಪ್ರಯೋಗ ಮಾಡಿದವರೆಲ್ಲರೂ ಬಲ್ಲರು. ಸುತ್ತಿಗೆ 2 ಮೀಟರಿಗೆ ಅತ್ಯಲ್ಪ ಕಡಮೆ ಬಂದಿತು. ಲೆಕ್ಕಕ್ಕೆ 2 ಎಂದೇ ಹಿಡಿಯೋಣ. ಗಂಟೆಗೆ 72 ಕಿಲೋಮೀಟರೆಂದರೆ ಸೆಕೆಂಡಿಗೆ 20 ಮೀಟರು. ಆದುದರಿಂದ ಗಾಲಿಯು ಸೆಕೆಂಡಿಗೆ 10 ಸುತ್ತು ಸುತ್ತುತ್ತದೆ. ಹಳೆಯ ಕಾರಿನ ವೇಗಸೂಚಿಯನ್ನು ನಂಬುವಂತಿಲ್ಲವಾದುದರಿಂದ ಹೆದ್ದಾರಿಯ ಕಿಲೋಮೀಟರು ಕಲ್ಲುಗಳ ನಡುವಿನ ಕಾಲವನ್ನೂ ಗುರುತುಹಾಕಿಕೊಂಡೆವು. ಒಂದು ಕಲ್ಲಿನಿಂದ ಮತ್ತೊಂದಕ್ಕೆ ಸರಿಯಾಗಿ 50 ಸೆಕೆಂಡು ಹಿಡಿದರೆ ವೇಗವು 72.

ಹಿಂದಿನ ಅಚ್ಚಿನ ಹಲ್ಲುಗಾಲಿಗಳ ಪ್ರಮಾಣವನ್ನು ನಾಲ್ಕೂವರೆಯೆಂದು ಇಟ್ಟುಕೊಂಡರೆ, ಪ್ರೊಪೆಲ್ಲರ್ ಶಾಫ್ಟು ಅದೇ ವೇಗದಲ್ಲಿ ಸೆಕೆಂಡಿಗೆ 45 ಸುತ್ತು ತಿರುಗಬೇಕು. ನಾಲ್ಕನೆಯ ಗೇರಿನಲ್ಲಿ ಎಂಜಿನೂ ಶಾಫ್ಟಿಗೆ ನೇರವಾಗಿ ಜೋಡಿಸಿದಂತೆ ಇರುವುದರಿಂದ ಅದರದೂ 45, ಎಂದರೆ ನಿಮಿಷಕ್ಕೆ 2700 ಸುತ್ತು. ನಾಲ್ಕು ಉರುಳೆಗಳ ಎಂಜಿನಿನಲ್ಲಿ ಒಂದು ಸುತ್ತಿಗೆ ಎರಡು ಸಲ ಇಂಧನ ಹತ್ತಿಕೊಳ್ಳುತ್ತದೆ. ಆದುದರಿಂದ ಸ್ಫೋಟಗಳ ಆವೃತ್ತಿ 90. ಇನ್ನೂ ಒಂದು 90 ಉಂಟು. ಶಾಫ್ಟಿನ ಕೊನೆಯ ಕೀಲು ಓರೆಯಾಗಿ ತಿರುಗುವಾಗ ಅದರಾಚೆಯ ದಂಡವು ಸಮವೇಗದಿಂದ ತಿರುಗದೆ ಸುತ್ತಿಗೆರಡು ಬಾರಿ ಮುಂದಾಗಿ ಎರಡು ಬಾರಿ ಹಿಂದಾಗಿ ಸಾಗುವುದು. ಹದಿನೇಳನೆಯ ಶತಮಾನದಲ್ಲಿಯೇ ರಾಬರ್ಟ್ ಹುಕ್ ಈ ಕೀಲನ್ನು ಅಭ್ಯಸಿಸಿದ್ದನು. ಇಂದಿಗೂ ಅದಕ್ಕೆ ಅವನ ಹೆಸರಿದೆ. ಓರೆ 10 ಡಿಗ್ರಿಯಿದ್ದರೆ ಈ ಏರಿಳಿತವು ನೂರಕ್ಕೆ ಒಂದೂವರೆಯಷ್ಟು. ಎರಡು ಕೊನೆಗಳ ಕೀಲುಗಳೂ ಸಮವಾದ ಓರೆಯಲ್ಲಿದ್ದು ಸರಿಯಾಗಿ ಜೋಡಿಸಲ್ಪಟ್ಟಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ತಿನ್ನಿಬಿಡುತ್ತದೆ.

ಹೀಗೆ ನಮ್ಮ ಮುಂದೆ ಇದ್ದ ಆವೃತ್ತಿಗಳು ಮೂರು: 10, 45 ಮತ್ತು 90.

ಉಪಕರಣವಿಲ್ಲದೆ ಮಾಡುವ ಪ್ರಯೋಗಗಳನ್ನು ಮೊದಲು ಮಾಡಿದೆವು. ನಿಂತ ಕಾರಿನಲ್ಲಿ ಎಂಜಿನನ್ನು ನಿಮಿಷಕ್ಕೆ 2700 ಸುತ್ತಿಗೆ ಏರಿಸಿದಾಗ ನಡುಕವಿಲ್ಲ. ರಸ್ತೆಯಲ್ಲಿ ಅದೇ 72ರ ವೇಗವನ್ನು ಸ್ವಲ್ಪಹೊತ್ತು ಮೂರನೆಯ ಗೇರಿನಲ್ಲಿ ಕಾಯ್ದುಕೊಂಡಾಗ ಎಂಜಿನಿನ ಸುತ್ತು ಬಹಳ ಹೆಚ್ಚಿತು. ನಡುಕವು ಮಾತ್ರ ಇದ್ದಂತೆಯೇ ಇತ್ತು. ಹಿಂದೆ ಮುಂದೆ ವಾಹನವಿಲ್ಲದ ಕಡೆ, ಎಂಜಿನನ್ನು ಆರಿಸದೆಯೇ ಗೇರನ್ನು ನ್ಯೂಟ್ರಲಿಗೆ ತಂದು ಕಾರನ್ನು ತೇಲಬಿಟ್ಟೆವು. ಆಗಲೂ ನಡುಕ ಕದಲಲಿಲ್ಲ. ಎಂಜಿನೂ ಕ್ಲಚ್ಚೂ ನಿರ್ದೋಷಿಗಳೆಂದು ಇದರಿಂದ ತೀರ್ಮಾನವಾಯಿತು. ಅವುಗಳ ರಬ್ಬರು ಬದಲಿಸಿದ ಹಣ ನೀರಿಗೆ ಹೋದುದೂ ತಿಳಿಯಿತು. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನ್ಯೂಟ್ರಲಿನಲ್ಲಿ ಪ್ರೊಪೆಲ್ಲರ್ ಶಾಫ್ಟು ಸುಮ್ಮನಿರುವುದೆಂದು ಅನೇಕರು ನಂಬಿದ್ದಾರೆ. ಅದು ಸುಮ್ಮನಿರುವುದಿಲ್ಲ; ಹಿಂದಿನ ಗಾಲಿಗಳು ತಿರುಗುವವರೆಗೂ ಅವು ಅದನ್ನು ತಿರುಗಿಸುತ್ತಲೇ ಇರುತ್ತವೆ. ಆದುದರಿಂದ ಶಾಫ್ಟಿನ ಮೇಲಿನ ಸಂಶಯ ಹಾಗೆಯೇ ಉಳಿಯಿತು.

ಫೋನು ಹೇಳಿದ್ದು, ಹೇಳಬಹುದಾಗಿದ್ದ ಸುಳ್ಳು

ಈಗಿನ ಮೊಬೈಲ್ ಫೋನುಗಳೊಳಗೆ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಉಪಕರಣವೊಂದು ಇರುತ್ತದೆ. ಸಿಲಿಕಾನಿನಿಂದಲೇ ಕೊರೆದ ಸೂಕ್ಷ್ಮವಾದ ತುಂಡೊಂದು ಸಿಲಿಕಾನಿನದೇ ಕಮಾನುಗಳಿಂದ ತೂಗುತ್ತಿರುತ್ತದೆ. ಫೋನು ಅಲುಗಿದಾಗ ಆ ತುಂಡು ಹಿಂದೆಬೀಳುತ್ತದೆ. ಪಕ್ಕದ ತಗಡುಗಳಿಗೂ ಅದಕ್ಕೂ ಇರುವ ಅಂತರ ಬದಲಾಗಿ ವಿದ್ಯುತ್ ಧಾರಣಶಕ್ತಿಯೂ ಬದಲಾಗುತ್ತದೆ. ಈ ಬದಲಾವಣೆಯೇ ಅಳತೆ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ತಂತ್ರಾಂಶವು ಈ ಅಳತೆಗಳನ್ನು ಬರೆದಿಟ್ಟು, ಯಾವ ಆವೃತ್ತಿ ಎಷ್ಟು ಪ್ರಬಲವಾಗಿದೆಯೆಂಬುದನ್ನು ಬೆಟ್ಟಗುಡ್ಡಗಳ ಸಾಲಿನಂತೆ ಚಿತ್ರಿಸಿ ತೋರಿಸುತ್ತದೆ. ಹಿಂದೆ ದೊಡ್ಡ ಪ್ರಯೋಗಶಾಲೆಗಳಲ್ಲಿ ಮಾತ್ರ ದೊರೆಯುತ್ತಿದ್ದ ಸೌಕರ್ಯ ಇಂದು ಪ್ರತಿ ವಿದ್ಯಾರ್ಥಿಯ ಕಿಸೆಯಲ್ಲಿದೆ. ಅದನ್ನು ಬಳಸುವವರು ಎಷ್ಟು ಮಂದಿ ಎಂದು ಕೇಳಬಾರದು.

ಫೋನನ್ನು ಹಿಂದಿನ ಆಸನದ ಕೆಳಗೆ, ಲೋಹದ ನೆಲಕ್ಕೆ ಅಂಟುಪಟ್ಟಿಯಿಂದ ಬಿಗಿದು 72ರ ವೇಗದಲ್ಲಿ ಓಡಿಸಿದೆವು. ಚಿತ್ರದಲ್ಲಿ 10ರ ಬಳಿ ಒಂದು ಎತ್ತರವಾದ ಶಿಖರ ಕಂಡಿತು. 45ರ ಬಳಿ ಸಣ್ಣ ದಿಬ್ಬ ಮಾತ್ರ. ಹತ್ತು ಎಂದರೆ ಗಾಲಿ. ವಿಷಯ ಮುಗಿಯಿತಲ್ಲ ಎಂದು ವಿದ್ಯಾರ್ಥಿಗಳು ಹರ್ಷಿಸಿದರು. ಆದರೆ ವಿಷಯ ಅಷ್ಟು ಸರಳವಾಗಿರಲಿಲ್ಲ.

ನಮ್ಮ ಫೋನು ಸೆಕೆಂಡಿಗೆ 100 ಬಾರಿ ಅಳತೆ ತೆಗೆದುಕೊಳ್ಳುತ್ತಿತ್ತು. ಸಿನಿಮಾದಲ್ಲಿ ಓಡುವ ರಥದ ಗಾಲಿಯು ಕೆಲವೊಮ್ಮೆ ಹಿಮ್ಮುಖವಾಗಿ ತಿರುಗಿದಂತೆ ಕಾಣುವುದನ್ನು ಎಲ್ಲರೂ ನೋಡಿದ್ದಾರೆ. ಕ್ಯಾಮರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಗಾಲಿಯ ಅರೆಕಾಲು ಮುಂದಿನ ಅರೆಕಾಲಿನ ಸ್ಥಾನವನ್ನು ಮುಟ್ಟಲು ಸ್ವಲ್ಪವೇ ಉಳಿದಿದ್ದರೆ, ಅದು ತುಸು ಹಿಂದಕ್ಕೆ ಸರಿದಂತೆ ಕಣ್ಣು ತಿಳಿಯುತ್ತದೆ. ಬಿಟ್ಟುಬಿಟ್ಟು ನೋಡುವ ಯಾವ ಉಪಕರಣಕ್ಕೂ ಈ ಭ್ರಮೆ ತಪ್ಪಿದ್ದಲ್ಲ. ಸೆಕೆಂಡಿಗೆ 100 ಬಾರಿ ನೋಡುವ ಉಪಕರಣವು 50ಕ್ಕಿಂತ ಕಡಮೆಯ ಆವೃತ್ತಿಗಳನ್ನು ಮಾತ್ರ ಯಥಾವತ್ತಾಗಿ ಕಾಣಬಲ್ಲುದು. 90ರ ಕಂಪನವು ಅದಕ್ಕೆ 100ರಿಂದ 90 ಕಳೆದು ಉಳಿಯುವ 10ರಂತೆಯೇ ಕಾಣುವುದು! ಕೆಲವು ಫೋನುಗಳಲ್ಲಿ ಹೆಚ್ಚಿನ ಆವೃತ್ತಿಗಳನ್ನು ಮೊದಲೇ ಸೋಸಿಬಿಡುವ ಏರ್ಪಾಡು ಇರುತ್ತದೆ. ಎಲ್ಲವುಗಳಲ್ಲಿಯೂ ಇದೆಯೆಂದು ಭರವಸೆಯಿಂದ ಇರಲಾಗದು. ಹೀಗಾಗಿ ನಮ್ಮ 10ರ ಶಿಖರವು ಗಾಲಿಯದೇ ಆಗಿರಬಹುದು, ಇಲ್ಲವೆ ಕೀಲಿನ 90ರ ಕಂಪನ ಗಾಲಿಯ ವೇಷ ಹಾಕಿಕೊಂಡು ಬಂದಿರಬಹುದು. ವೇಷವನ್ನು ಕಳಚುವುದು ಹೇಗೆ?

ವೇಗವನ್ನು ತುಸು ಬದಲಿಸಿದರೆ ಸಾಕು. ವೇಗವು 72ರಿಂದ 68ಕ್ಕೆ ಇಳಿದರೆ ಗಾಲಿಯ ಆವೃತ್ತಿ 10ರಿಂದ 9.4ಕ್ಕೆ ಇಳಿಯಬೇಕು. ಕೀಲಿನದು 90ರಿಂದ 85ಕ್ಕೆ ಇಳಿಯುತ್ತದೆ. ಆದರೆ ಚಿತ್ರದಲ್ಲಿ ಅದು 100ರಿಂದ 85 ಕಳೆದ 15ಕ್ಕೆ ಏರಿದಂತೆ ಕಾಣಬೇಕು. ನಿಜವಾದುದು ವೇಗದೊಂದಿಗೆ ಇಳಿಯುವುದು, ಸುಳ್ಳು ಏರುವುದು. ನಾವು 68ರಲ್ಲಿ ಇನ್ನೊಮ್ಮೆ ಓಡಿಸಿದೆವು. ಶಿಖರವು 9.4ರ ಬಳಿ ಬಂದು ನಿಂತಿತು; 15ರಲ್ಲಿ ಏನೂ ಇರಲಿಲ್ಲ. ಶಾಫ್ಟೂ ಕೀಲೂ ನಿರ್ದೋಷಿಗಳಾದವು. ಅಪರಾಧಿಯು ಸುತ್ತಿಗೊಮ್ಮೆ ಬಡಿಯುವುದು ಗಾಲಿಯ ಲೆಕ್ಕದಲ್ಲಿಯೇ.

ಜೋಕಾಲಿಯ ನ್ಯಾಯ

ಮುಂದುವರಿಯುವ ಮೊದಲು 85ರಾಚೆ ನಡುಕ ಅಡಗುವ ಸೋಜಿಗವನ್ನು ಬಿಡಿಸಬೇಕು. ಅಸಮತೂಕದ ಬಲವು ವೇಗದೊಂದಿಗೆ ಏರುತ್ತಲೇ ಹೋಗಬೇಕಲ್ಲವೆ?

ನಮ್ಮ ಕಡೆ ನಾಗರಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟುವುದುಂಟು. ಜೋಕಾಲಿಯನ್ನು ತೂಗುವವರು ಅದರ ತಾಳಕ್ಕೆ ಸರಿಯಾಗಿ ನೂಕಿದರೆ ಚಿಕ್ಕ ಹುಡುಗಿಯೂ ದೊಡ್ಡವರನ್ನು ಮುಗಿಲೆತ್ತರಕ್ಕೆ ಏರಿಸಬಲ್ಲಳು. ಅದಕ್ಕಿಂತ ಬೇಗಬೇಗನೆ ನೂಕಿದರೆ, ಎಷ್ಟೇ ಬಲವಾಗಿ ನೂಕಲಿ, ಜೋಕಾಲಿ ನಿಂತಲ್ಲಿಯೇ ತಡವರಿಸುವುದು. ಕಮಾನಿನ ಮೇಲೆ ಕುಳಿತ ಪ್ರತಿ ವಸ್ತುವೂ ಒಂದು ಜೋಕಾಲಿಯೇ. ಅದಕ್ಕೊಂದು ಸಹಜ ಆವೃತ್ತಿಯುಂಟು. ನೂಕುವ ಆವೃತ್ತಿಯು ಇದಕ್ಕೆ ಹೊಂದಿದಾಗ ಕಂಪನವು ಬೆಳೆಯುವುದನ್ನು ಅನುರಣನವೆನ್ನುತ್ತೇವೆ.

ಅಂಬಾಸಿಡರಿನ ಹಿಂದಿನ ಅಚ್ಚು, ಗಾಲಿಗಳು, ಡ್ರಮ್ಮುಗಳು ಒಟ್ಟು 110 ಕಿಲೋಗ್ರಾಂ ಇವೆಯೆಂದು ಇಟ್ಟುಕೊಳ್ಳೋಣ. ಈ ಭಾರವು ಕೆಳಗೆ ಎರಡು ಟಾಯರುಗಳೆಂಬ ಗಾಳಿಯ ಕಮಾನುಗಳ ಮೇಲೆ ಕುಳಿತಿದೆ. ಒಂದು ಟಾಯರನ್ನು ಒಂದು ಮಿಲಿಮೀಟರು ಅಮುಕಲು ಸುಮಾರು 200 ನ್ಯೂಟನ್ ಬಲ ಬೇಕೆಂದು ಹಿಡಿದರೆ, ಎರಡರ ಬಿಗಿತ ಮೀಟರಿಗೆ 4,00,000 ನ್ಯೂಟನ್. ಇದನ್ನು 110ರಿಂದ ಭಾಗಿಸಿ ವರ್ಗಮೂಲ ತೆಗೆದು, ಬಂದುದನ್ನು 6.28ರಿಂದ ಭಾಗಿಸಿದರೆ ಸೆಕೆಂಡಿಗೆ 9.6 ಕಂಪನಗಳು. ಮೇಲಿನ ಕಮಾನುಪಟ್ಟಿಗಳ ಬಿಗಿತವೂ ಸ್ವಲ್ಪ ಸೇರಿಕೊಳ್ಳುವುದರಿಂದ ಇದು 10ರ ಸಮೀಪಕ್ಕೆ ಬರುತ್ತದೆ. ಗಾಲಿ ಸೆಕೆಂಡಿಗೆ 10 ಸುತ್ತು ಸುತ್ತುವುದು 72ರ ವೇಗದಲ್ಲಿ! ಯಜಮಾನರ ಮಗನು ಹೇಳಿದ ಸಂಖ್ಯೆಯನ್ನು ನ್ಯೂಟನ್ನನ ನಿಯಮಗಳೂ ಹೇಳಿದವು. 85 ದಾಟಿದಾಗ ಬಲವೇನೋ ಹೆಚ್ಚಾಗಿಯೇ ಇದೆ. ಆದರೆ ನೂಕುವವನು ಜೋಕಾಲಿಯ ತಾಳವನ್ನು ಮೀರಿ ಮುಂದೆ ಹೋಗಿದ್ದಾನೆ. ಹಳ್ಳಿಯ ದಾರಿಯಲ್ಲಿ 50ರೊಳಗೆ ಅವನು ತಾಳವನ್ನು ಇನ್ನೂ ಮುಟ್ಟಿರಲಿಲ್ಲ. ರೋಗವು ಅಷ್ಟು ಕಾಲ ತಿಳಿಯದೆ ಇದ್ದುದಕ್ಕೆ ಇದೇ ಕಾರಣ.

ಗಾಲಿಯೇ, ಗಾಲಿಯ ನೆರೆಯವರೇ?

ಗಾಲಿಯ ಲೆಕ್ಕದಲ್ಲಿ ಬಡಿಯುತ್ತಿದೆ; ಯಂತ್ರವಾದರೋ ಗಾಲಿ ಸಮತೂಕವಾಗಿದೆಯೆಂದು ಎರಡು ಬಾರಿ ಸಾಕ್ಷಿ ನುಡಿದಿದೆ. ಯಂತ್ರದ ಮೇಲೆ ತೂಕ ಸರಿಯಾಗಿದ್ದರೂ ಟಾಯರು ದುಂಡಗಿಲ್ಲದಿರಬಹುದು. ಬಹುಕಾಲ ನಿಂತ ಕಾರಿನ ಟಾಯರಿನಲ್ಲಿ ನೆಲ ಮುಟ್ಟಿದ ಭಾಗ ಚಪ್ಪಟೆಯಾಗುವುದುಂಟು. ಭಾರವಿಲ್ಲದೆ ಗಾಳಿಯಲ್ಲಿ ತಿರುಗಿಸುವ ಯಂತ್ರಕ್ಕೆ ಅದು ತಿಳಿಯದೆ ಹೋಗಬಹುದು. ಆದುದರಿಂದ ಹಿಂದಿನ ಎರಡು ಗಾಲಿಗಳನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕಿಸಿದೆವು. ದೋಷವು ಗಾಲಿಯಲ್ಲಿಯೋ ಟಾಯರಿನಲ್ಲಿಯೋ ಇದ್ದರೆ ಅದು ಗಾಲಿಯೊಡನೆ ಮುಂದಕ್ಕೆ ಹೋಗಬೇಕು. ಚಾಲಕನ ಕೈಯಲ್ಲಿ ಸ್ಟೇರಿಂಗು ಅದುರಬೇಕು.

ಸ್ಟೇರಿಂಗು ಅದುರಲಿಲ್ಲ. ನಡುಕವು ಹಿಂದೆ, ಇದ್ದಲ್ಲಿಯೇ ಇತ್ತು.

ಇದು ನಮ್ಮ ಮೂರು ಭಾನುವಾರಗಳಲ್ಲಿ ಅತ್ಯಂತ ಅಗ್ಗದ ಪ್ರಯೋಗ. ಒಂದು ಜ್ಯಾಕು, ಒಂದು ಪಾನೆ, ಒಂದು ಗಂಟೆಯ ಕೆಲಸ. ಹೆಚ್ಚು ತಿಳಿವನ್ನು ಕೊಟ್ಟುದೂ ಅದೇ. ನಾವು ಹುಡುಕುವ ವಸ್ತುವಿನ ಲಕ್ಷಣಗಳು ಈಗ ಎರಡಾದವು: ಅದು ಗಾಲಿಯೊಡನೆ ಸುತ್ತುವುದು, ಆದರೆ ಗಾಲಿಯನ್ನು ಬಿಚ್ಚಿದಾಗ ಗಾಲಿಯೊಡನೆ ಹೋಗದು. ಅಂಥವು ಹಿಂದಿನ ಅಚ್ಚಿನಲ್ಲಿ ಕೆಲವೇ: ಅಚ್ಚಿನೊಳಗಿನ ಶಾಫ್ಟು, ಅದರ ಕೊನೆಯ ತಟ್ಟೆ ಮತ್ತು ಬ್ರೇಕಿನ ಡ್ರಮ್ಮು. ಬ್ಯಾಲೆನ್ಸಿನ ಯಂತ್ರದ ಮೇಲೆ ಗಾಲಿ ಹತ್ತುವಾಗ ಇವು ಮೂರೂ ಕಾರಿನಲ್ಲಿಯೇ ಉಳಿದಿರುತ್ತವೆ. ಯಂತ್ರವು ಸುಳ್ಳು ಹೇಳಿರಲಿಲ್ಲ. ಅದಕ್ಕೆ ತೋರಿಸಿದ್ದರ ವಿಷಯವಾಗಿ ಮಾತ್ರ ಅದು ಹೇಳಿತ್ತು.

ಕಾರನ್ನು ಎತ್ತಿ, ಜ್ಯಾಕನ್ನಷ್ಟೇ ನೆಚ್ಚದೆ ಅಚ್ಚಿನ ಕೆಳಗೆ ಗಟ್ಟಿಯಾದ ಆನಿಕೆಗಳನ್ನು ಕೊಟ್ಟು (ಈ ಎಚ್ಚರವನ್ನು ಯಾವ ವಿದ್ಯಾರ್ಥಿಯೂ ಮರೆಯಬಾರದು, ಎತ್ತಿದ ಕಾರಿನ ಅಡಿಗೆ ಅನಾವಶ್ಯಕವಾಗಿ ಹೋಗಲೂಬಾರದು) ಎರಡು ಡ್ರಮ್ಮುಗಳನ್ನೂ ಬಿಚ್ಚಿಸಿದೆವು. ಡ್ರಮ್ಮು ಬಿಚ್ಚಿದ ಮೇಲೆ ಶಾಫ್ಟಿನ ತಟ್ಟೆಯ ಪಕ್ಕದಲ್ಲಿ ಒಂದು ಮೊಳೆಯನ್ನು ಅಲುಗದಂತೆ ನಿಲ್ಲಿಸಿ, ಕೈಯಿಂದ ತಟ್ಟೆಯನ್ನು ಮೆಲ್ಲನೆ ತಿರುಗಿಸಿ ನೋಡಿದಾಗ ಮೊಳೆಗೂ ತಟ್ಟೆಗೂ ಇರುವ ಸಂದು ಸುತ್ತಲೂ ಒಂದೇ ಸಮನಾಗಿತ್ತು. ಶಾಫ್ಟು ಬಾಗಿರಲಿಲ್ಲ. ಉಳಿದುದು ಡ್ರಮ್ಮು.

ಡ್ರಮ್ಮಿನ ನಡುರಂಧ್ರಕ್ಕೆ ಸರಿಯಾಗಿ ಕೂಡುವ ಕಬ್ಬಿಣದ ದಂಡವೊಂದನ್ನು ಲೇಥಿನಲ್ಲಿ ಕಡೆಸಿದೆವು. ನೇರವಾದ ಎರಡು ಉಕ್ಕಿನ ಪಟ್ಟಿಗಳನ್ನು ಅಂಚು ಮೇಲಾಗಿ, ರಸಮಟ್ಟದಿಂದ ಸಮಮಾಡಿ ನಿಲ್ಲಿಸಿ, ದಂಡದೊಡನೆ ಡ್ರಮ್ಮನ್ನು ಅವುಗಳ ಮೇಲೆ ಉರುಳಬಿಟ್ಟೆವು. ಬಲಗಡೆಯ ಡ್ರಮ್ಮು ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು. ಎಡಗಡೆಯದು ಹಾಗಲ್ಲ, ಹೇಗೆ ಬಿಟ್ಟರೂ ತೂಗಾಡಿ ತೂಗಾಡಿ ಒಂದೇ ಮಗ್ಗುಲನ್ನು ಕೆಳಗೆ ಮಾಡಿಕೊಂಡು ನಿಲ್ಲುತ್ತಿತ್ತು. ಎದುರು ಅಂಚಿಗೆ ಮೇಣದಿಂದ ನಟ್ಟುಗಳನ್ನು ಒಂದೊಂದಾಗಿ ಅಂಟಿಸುತ್ತ ಹೋದಾಗ, ಸುಮಾರು 60 ಗ್ರಾಂ ಸೇರಿದ ಮೇಲೆ ಅದು ಶಾಂತವಾಯಿತು. ಕ್ಯಾಲಿಪರ್ಸಿನಿಂದ ಗೋಡೆಯ ದಪ್ಪವನ್ನು ಅಳೆದರೆ ಭಾರದ ಮಗ್ಗುಲು ಎದುರಿನದಕ್ಕಿಂತ ಒಂದು ಮಿಲಿಮೀಟರು ದಪ್ಪ. ಎರಕ ಹೊಯ್ಯುವಾಗ ಮರಳಿನ ಅಚ್ಚಿನೊಳಗಿನ ತಿರುಳು ಅರ್ಧ ಮಿಲಿಮೀಟರು ಪಕ್ಕಕ್ಕೆ ಸರಿದರೆ ಸಾಕು, ಹೀಗಾಗುತ್ತದೆ. ಒಳಮೈಯನ್ನು ಲೇಥಿನಲ್ಲಿ ಕಡೆದು ದುಂಡಗೆ ಮಾಡಿದ್ದರಿಂದ ಬ್ರೇಕು ಸರಿಯಾಗಿಯೇ ಹಿಡಿಯುತ್ತಿತ್ತು. ಹೊರಮೈ ಎರಕವಾದಂತೆಯೇ ಉಳಿದಿತ್ತು. ಹಲವು ವರ್ಷಗಳ ಹಿಂದೆ ಎಡಗಡೆಯ ಡ್ರಮ್ಮು ಸೀಳಿದಾಗ, ಸಿಕ್ಕಿದ ಕಡೆ ಸಿಕ್ಕಿದುದನ್ನು ತಂದು ಹಾಕಿಸಿದುದು ಯಜಮಾನರಿಗೆ ಆಗ ನೆನಪಾಯಿತು.

ಅರವತ್ತು ಗ್ರಾಂ ಎಂದರೆ ಒಂದು ಕೋಳಿಮೊಟ್ಟೆಯ ತೂಕ. ಅಷ್ಟರಿಂದ ಟನ್ನಿಗೂ ಮೀರಿದ ಕಾರು ನಡುಗಬಲ್ಲುದೆ? ಲೆಕ್ಕಹಾಕೋಣ. ತೂಕ 0.06 ಕಿಲೋಗ್ರಾಂ, ನಡುವಿನಿಂದ ದೂರ 0.13 ಮೀಟರು, ಸೆಕೆಂಡಿಗೆ 10 ಸುತ್ತು. ಕೋನವೇಗ 62.8, ಅದರ ವರ್ಗ ಸುಮಾರು 3950. ಮೂರನ್ನೂ ಗುಣಿಸಿದರೆ ಬಲವು 31 ನ್ಯೂಟನ್. ಮೂರು ಕಿಲೋಗ್ರಾಂ ತೂಕವನ್ನು ಅಚ್ಚಿನ ತುದಿಗೆ ಕಟ್ಟಿ ಸೆಕೆಂಡಿಗೆ ಹತ್ತು ಬಾರಿ ಮೇಲಕ್ಕೂ ಕೆಳಕ್ಕೂ ಎಳೆದಂತೆ. ಈ ಬಲವು ಸುಮ್ಮನೆ ಒತ್ತಿಹಿಡಿದಿದ್ದರೆ ಟಾಯರುಗಳನ್ನು 0.08 ಮಿಲಿಮೀಟರು ಅಮುಕುತ್ತಿತ್ತು, ಅಷ್ಟೇ; ಯಾರಿಗೂ ತಿಳಿಯುತ್ತಿರಲಿಲ್ಲ. ಅನುರಣನದಲ್ಲಿ ಅದು ಐದು ಪಟ್ಟು ಬೆಳೆಯಿತೆಂದು ಇಟ್ಟುಕೊಂಡರೆ 0.4 ಮಿಲಿಮೀಟರು. ಅಚ್ಚಿನ ವೇಗೋತ್ಕರ್ಷವು ಆಗ ಗುರುತ್ವದ ಆರನೆಯ ಒಂದು ಭಾಗವನ್ನು ಮುಟ್ಟುತ್ತದೆ. ಕುಳಿತವನ ಬೆನ್ನುಮೂಳೆಗೆ ಇದು ಧಾರಾಳವಾಗಿ ಸಾಕು. ಗೋಡೆ ಒಂದು ಮಿಲಿಮೀಟರು ದಪ್ಪವಾದರೆ ಅಸಮತೂಕ ಎಷ್ಟು ಬರಬೇಕೆಂಬುದನ್ನು ಬೀಡುಕಬ್ಬಿಣದ ಸಾಂದ್ರತೆ 7200, ಡ್ರಮ್ಮಿನ ಹೊರತ್ರಿಜ್ಯ 12 ಸೆಂಟಿಮೀಟರು, ಅಗಲ 5 ಸೆಂಟಿಮೀಟರು ಎಂದು ಹಿಡಿದು ಕಾಲೇಜಿನ ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ನೋಡಲಿ. ನಟ್ಟುಗಳ ತೂಕಕ್ಕೆ ಅದು ಎಷ್ಟು ಹತ್ತಿರ ಬರುವುದೆಂದು ಅವರಿಗೆ ಸಂತೋಷವಾಗುತ್ತದೆ.

ಭಾರದ ಮಗ್ಗುಲನ್ನು ಉಜ್ಜಿ ತೆಳ್ಳಗೆ ಮಾಡೋಣವೆಂದು ಗ್ಯಾರೇಜಿನಲ್ಲಿ ಒಬ್ಬರು ಸೂಚಿಸಿದರು. ಅದಕ್ಕೆ ನಾವು ಒಪ್ಪಲಿಲ್ಲ. ಬ್ರೇಕು ಹಿಡಿದಾಗ ಓಡುವ ಕಾರಿನ ಚಲನಶಕ್ತಿಯೆಲ್ಲ ಕಾವಾಗಿ ಡ್ರಮ್ಮುಗಳಿಗೆ ಇಳಿಯುತ್ತದೆ; ಬೀಡುಕಬ್ಬಿಣವು ಕಾದು ಆರಿ ಸೀಳುವ ಸ್ವಭಾವದ್ದು. ಮೊದಲಿನ ಡ್ರಮ್ಮು ಸೀಳಿದ್ದುದೂ ಇದೇ ಮನೆಯ ಅನುಭವವಷ್ಟೆ. ಬೇರೊಂದು ಡ್ರಮ್ಮನ್ನು ತರಿಸಿ, ಹಾಕುವ ಮುನ್ನ ಅದನ್ನೂ ಆ ಎರಡು ಪಟ್ಟಿಗಳ ಮೇಲೆ ಉರುಳಿಸಿ ನೋಡಿ, ಆಮೇಲೆ ಜೋಡಿಸಲಾಯಿತು.

ಮೂರನೆಯ ಭಾನುವಾರ ರಾಣೆಬೆನ್ನೂರಿನ ಬಳಿ ಅದೇ ಹೆದ್ದಾರಿಯಲ್ಲಿ, ಅದೇ 72ರಲ್ಲಿ ಓಡಿಸಿದಾಗ 10ರ ಶಿಖರವು ಕುಗ್ಗಿ ದಿಬ್ಬವಾಗಿತ್ತು. ಹಿಂದೆ ಕುಳಿತವರು ಮಾತನಾಡಿದುದು ಸ್ಪಷ್ಟವಾಗಿ ಕೇಳಿಸಿತು. ಆದರೂ ಯಜಮಾನರ ಮಗನು ಕಿವಿಗೊಟ್ಟು ಕುಳಿತು, "ಇನ್ನೂ ಒಂಚೂರು ಐತ್ರಿ ಸರ್, ಬರ್ತೈತಿ, ಹೋಗ್ತೈತಿ" ಎಂದನು. ಅವನ ಮಾತು ದಿಟ. ಅತಿ ಮಂದವಾದ ನಡುಕವೊಂದು 8 ಸೆಕೆಂಡಿಗೊಮ್ಮೆ ಮೇಲೆದ್ದು ಮತ್ತೆ ಇಳಿಯುತ್ತಿತ್ತು. ತಂಬೂರಿಯ ಎರಡು ತಂತಿಗಳು ಪೂರ್ತಿ ಶ್ರುತಿಗೂಡದಿದ್ದಾಗ ನಾದವು ತೂಗಿದಂತೆ ಕೇಳುವುದಷ್ಟೆ, ಇದೂ ಅದೇ. ಯಾವ ಗಾಲಿಯೂ ಸಂಪೂರ್ಣ ಸಮತೂಕವಲ್ಲ. ಹಿಂದಿನ ಎರಡು ಗಾಲಿಗಳಲ್ಲಿ ಉಳಿದ ಅಲ್ಪದೋಷಗಳು ಒಮ್ಮೆ ಜೊತೆಗೂಡಿ ನೂಕುತ್ತಿದ್ದವು, ಒಮ್ಮೆ ಎದುರುಬದುರಾಗಿ ಅಳಿಸಿಹಾಕುತ್ತಿದ್ದವು. ಹಾಗಾಗಬೇಕಾದರೆ ಎರಡರ ಆವೃತ್ತಿಗಳಲ್ಲಿ ಎಂಟನೆಯ ಒಂದರಷ್ಟು ಅಂತರವಿರಬೇಕು. ಹತ್ತಕ್ಕೆ ಎಂಟನೆಯ ಒಂದು ಎಂದರೆ ನೂರಕ್ಕೆ ಒಂದೂಕಾಲು. 2 ಮೀಟರು ಸುತ್ತಳತೆಯಲ್ಲಿ ಎರಡೂವರೆ ಸೆಂಟಿಮೀಟರು. ಕಾರನ್ನು ನಿಲ್ಲಿಸಿ ಟಾಯರುಗಳ ಸುತ್ತ ಟೇಪು ಹಿಡಿದೆವು. ಎಡಗಡೆಯದು ಹೊಸದು, ಬಲಗಡೆಯದರ ಮೈ ನಾಲ್ಕು ಮಿಲಿಮೀಟರು ಸವೆದಿತ್ತು, ಟೇಪಿನಲ್ಲಿ ವ್ಯತ್ಯಾಸ ಎರಡೂವರೆ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಮೆ.